ಐದು ದಿನ, ಊಟ ಸೇರಿ

ಶಾಲೆಯ ಅಡುಗೆಮನೆಯಲ್ಲಿ ಹದಿನೈದು ವರ್ಷ ದುಡಿದವರಿಗೆ ಆರು ತಿಂಗಳ ಸಂಬಳವನ್ನು ಒಂದೇ ಗಂಟಾಗಿ ಕೊಡುತ್ತಾರಂತೆ ಎಂಬ ಸುದ್ದಿ ಮೂರು ವರ್ಷದಿಂದ ಓಡಾಡುತ್ತಿತ್ತು. ಯಾರೂ ನಂಬಿರಲಿಲ್ಲ. ಒಂದು ಸೋಮವಾರ ದುಡ್ಡು ಬಂದೇ ಬಿಟ್ಟಿತು. ಮುನ್ನೂರ ಹನ್ನೆರಡು ಮಕ್ಕಳಿಗೆ ದಿನಾ ಮಧ್ಯಾಹ್ನ ಬೇಯಿಸಿ ಹಾಕುವ ಆ ಹೆಂಗಸನ್ನು ಮಕ್ಕಳು ಬೆನ್ನ ಹಿಂದೆ ದೊಡ್ಡಸೌಟು ಎನ್ನುತ್ತಿದ್ದವು. ಅವಳು ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ಆಲೂಗಡ್ಡೆ ಹೆಚ್ಚುತ್ತಾ, ಎಣ್ಣೆ ಮುಗಿದಿದೆ ಎಂದು ಹೇಳುವ ದನಿಯಲ್ಲೇ ಈ ಸುದ್ದಿಯನ್ನೂ ಹೇಳಿದಳು.

ಅವಳ ಗಂಡನಿಗೆ ಬೀದಿಯವರು ಇಟ್ಟ ಹೆಸರು ಚಾವಿ. ಬೀಗ ರಿಪೇರಿ, ನಕಲಿ ಚಾವಿ, ಚಾವಿ ಒಳಗೇ ಬಿಟ್ಟು ಬಾಗಿಲೆಳೆದುಕೊಂಡು ಹೊರಗೆ ನಿಂತವರ ಉದ್ಧಾರ, ಇವು ಅವನ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕೈಲಾಗುವ ಕೆಲಸಕ್ಕೆ ಕಾಸು ಕೊಡಬಾರದು ಎಂದು ಅವನಪ್ಪ ಹೇಳಿಕೊಟ್ಟಿದ್ದ, ಮಗ ಅದನ್ನು ಒಂದು ದಿನವೂ ಮೀರಿದವನಲ್ಲ. ಮನೆಯ ನಲ್ಲಿ, ಕುರ್ಚಿ, ಇಸ್ತ್ರಿಪೆಟ್ಟಿಗೆ ಎಲ್ಲಕ್ಕೂ ಅವನೇ ವೈದ್ಯ. ಅವನ ಅಮ್ಮನ ಹಲ್ಲಿನ ಸೆಟ್ಟು ಒತ್ತುತ್ತದೆ ಎಂದಾಗ ಅದಕ್ಕೂ ಅವನೇ ಅರ ಹಾಕಿದ್ದ. ಅಮ್ಮ ಮೂರು ದಿನ ಬೈದು ನಾಲ್ಕನೆಯ ದಿನ ಸರಿಯಾಗಿದೆ ಎಂದು ಒಪ್ಪಿಕೊಂಡಿದ್ದಳು.

"ಒಳ್ಳೇದೇ ಆಯ್ತು," ಎಂದ ಚಾವಿ, ತಟ್ಟೆಗೆ ಅನ್ನ ಎಳೆದುಕೊಳ್ಳುತ್ತಾ. "ಕಾರಿನ ಚಾವಿ ಮೆಷಿನ್ ತಗೊಂಡುಬಿಡೋಣ. ಈಗಿನ ಕಾರಿನ ಚಾವಿಗಳಿಗೆಲ್ಲ ಒಳಗೆ ಚಿಪ್ ಇರುತ್ತೆ. ವಾರಕ್ಕೆ ನಾಲ್ಕು ಜನ ಬಂದು ಬರಿಗೈಲಿ ಹೋಗ್ತಿದ್ದಾರೆ."

"ಮೊದ್ಲು ಬಚ್ಚಲುಮನೆ ಸೂರು ನೋಡು. ಸ್ನಾನ ಮಾಡೋವಾಗ ತಲೆ ಮೇಲೆ ಬಿದ್ರೆ ನನ್ನ ಹೆಣಕ್ಕೆ ಚಿಪ್ ಹಾಕಿಸ್ತೀಯಾ?" ಎಂದಳು ಅಜ್ಜಿ, ಚಾವಿಯ ಅಮ್ಮ. ಮೂವತ್ತು ವರ್ಷ ಯೂನಿಫಾರಂ ಹೊಲಿಯುವ ಕಾರ್ಖಾನೆಯಲ್ಲಿ ಕಾಜ ಹಾಕಿದವಳು. ಮಾತು ಸೂಜಿಯ ಹಾಗೆ ನೆಟ್ಟಗೆ ಇಳಿಯುತ್ತಿತ್ತು.

"ದುಡ್ಡು ಅಮ್ಮಂದು. ಅಮ್ಮನ್ನ ಯಾರಾದ್ರೂ ಕೇಳಿದ್ರಾ?" ಎಂದಳು ಮಗಳು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಇಪ್ಪತ್ಮೂರು ವಯಸ್ಸು.

ಅಮ್ಮ ಅಲ್ಲಿರಲಿಲ್ಲ. ನೀರಿನ ಜಗ್ಗು ಖಾಲಿಯಾಗಿದೆ ಎಂದು ಎದ್ದು ಹೋಗಿದ್ದಳು. ಬಂದು ಕೂತಳು. ಅಷ್ಟರಲ್ಲಿ ಅತ್ತೆಗೆ ಉಪ್ಪು ಬೇಕಾಯಿತು, ಮತ್ತೆ ಎದ್ದಳು. ಉಪ್ಪು ತಂದಿಟ್ಟು, ನಿಂತೇ ಹೇಳಿದಳು.

"ನಾನು ದ್ವೀಪಕ್ಕೆ ಹೋಗೋಣ ಅಂತಿದ್ದೀನಿ."

"ಎಲ್ಲಿಗೆ?"

"ದ್ವೀಪಕ್ಕೆ. ಸಮುದ್ರದ ನಡುವೆ ಇರುತ್ತಲ್ಲ."

"ದ್ವೀಪ ಎಲ್ಲಿರುತ್ತೆ ಅಂತ ನಂಗೊತ್ತು. ನಿಂಗ್ಯಾಕೆ ದ್ವೀಪ?" ಎಂದ ಚಾವಿ.

"ಸುಮ್ನೆ."

ಅಜ್ಜಿ ನಕ್ಕಳು. "ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತಂತೆ. ಇಲ್ಲಿ ಕೋಣ ಯಾರು ಅಂತ ನಾನು ಹೇಳಲ್ಲಪ್ಪ."

ಸುಮ್ಮನೆ ಅಂದದ್ದು ಸುಳ್ಳು. ಮಗಳು ಅಂಗಡಿಯಿಂದ ತಂದಿದ್ದ ಒಂದು ಬಣ್ಣದ ಹಾಳೆ ಅವಳ ಕೈಗೆ ಸಿಕ್ಕಿತ್ತು. ತಂಪು ಕನ್ನಡಕ ಕೊಂಡವರಿಗೆ ಹಂಚುವ ಪ್ರವಾಸದ ಜಾಹೀರಾತು. ಅದರಲ್ಲಿ ನೀಲಿ ನೀರಿತ್ತು, ತೆಂಗಿನ ಮರಗಳಿದ್ದವು, ಬಿಳಿ ಮರಳಿತ್ತು. ಅವಳ ಕಣ್ಣು ಅವುಗಳ ಮೇಲೆ ನಿಂತಿರಲಿಲ್ಲ. ಮೂಲೆಯ ಚಿಕ್ಕ ಚಿತ್ರದಲ್ಲಿ ಅವಳದೇ ವಯಸ್ಸಿನ ಒಬ್ಬ ಹೆಂಗಸು ಬೆತ್ತದ ಕುರ್ಚಿಯಲ್ಲಿ ಹಿಂದಕ್ಕೊರಗಿ ಕೂತಿದ್ದಳು, ಯಾರೋ ಬಗ್ಗಿ ಅವಳ ಮುಂದೆ ತಟ್ಟೆ ಇಡುತ್ತಿದ್ದರು. ಕೆಳಗೆ 'ಐದು ದಿನ, ಮೂರು ಹೊತ್ತಿನ ಊಟ ಸೇರಿ' ಎಂದು ಬರೆದಿತ್ತು. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಒಂದು ಊಟವನ್ನು ಮೊದಲ ತುತ್ತಿನಿಂದ ಕೊನೆಯ ತುತ್ತಿನ ತನಕ ಏಳದೆ ಮುಗಿಸಿದ ನೆನಪು ಅವಳಿಗಿರಲಿಲ್ಲ. ಅದು ಬೇಕಾಗಿತ್ತು, ಅಷ್ಟೇ. ಆದರೆ ಹೇಳುವುದು ಹೇಗೆ? ಕೂತು ಉಣ್ಣುವುದಕ್ಕೆ ಸಮುದ್ರ ದಾಟಬೇಕಾ ಎಂದು ನಗುತ್ತಾರೆ ಎಂದುಕೊಂಡು ಸುಮ್ಮನಾದಳು.

ಮುಂದಿನ ಎರಡು ವಾರ ಆ ದ್ವೀಪ ಊಟಕ್ಕೆ ಮುಂಚೆ ಒಮ್ಮೆ, ಊಟದ ಮೇಲೆ ಒಮ್ಮೆ ಮನೆಯಲ್ಲಿ ಎದ್ದು ಮುಳುಗಿತು. ಮಗಳು ಪೂರ್ತಿ ಅಮ್ಮನ ಪಕ್ಷ, ಅವಳಿಗೆ ಫೋಟೊ ಬೇಕಾಗಿತ್ತು. ಅಜ್ಜಿ ಯಾವ ಪಕ್ಷವೂ ಅಲ್ಲ, ಇಬ್ಬರಿಗೂ ಸಮನಾಗಿ ಚುಚ್ಚುತ್ತಿದ್ದಳು. ಚಾವಿ ಅಂಗಡಿಗೆ ಬಂದವರನ್ನೆಲ್ಲ ವಿಚಾರಿಸಿದ. ಎದುರುಗಡೆಯ ಕ್ಷೌರದಂಗಡಿಯವನು ಆ ಕಡೆಯ ಯಾವುದೋ ದ್ವೀಪಕ್ಕೆ ಹೋಗಿ ಬಂದಿದ್ದ.

"ಮೂಗಿಗಿಂತ ಮೂಗುತಿ ಭಾರ ಕಣೋ," ಎಂದ ಅವನು, ಪೆಟ್ಟಿಗೆ ಬೀಗಕ್ಕೆ ಹೊಸ ಚಾವಿ ಮಾಡಿಸುತ್ತಾ. "ಒಂದು ಎಳನೀರಿಗೆ ಮೂರು ತಲೆ ಬೋಳಿಸಬೇಕು. ಅಷ್ಟು ಕೊಟ್ಟೆ ಅಂತ ನಾಲ್ಕು ದಿನ ನೀರೊಳಗೇ ಕೂತಿದ್ದೆ. ನೆಗಡಿ ಬಂತು."

ಶಾಲೆಯಲ್ಲಿ ಪಾತ್ರೆ ತೊಳೆಯುವ ಹೆಂಗಸಿನ ಅಭಿಪ್ರಾಯವೂ ಅದೇ. ಮಕ್ಕಳ ಊಟ ಮುಗಿದ ಮೇಲೆ ಇಬ್ಬರೂ ಹಂಡೆಯ ಪಕ್ಕ ನಿಂತು ತಳದಲ್ಲಿ ಉಳಿದದ್ದನ್ನು ತಿನ್ನುತ್ತಿದ್ದರು.

"ನಾನಾಗಿದ್ರೆ ಚಿನ್ನ ತಗೋತಿದ್ದೆ ಅಕ್ಕ. ಕಷ್ಟಕಾಲಕ್ಕೆ ಆಗುತ್ತೆ."

"ಚಿನ್ನ ಹಾಕ್ಕೊಂಡು ಬಂದು ಇದೇ ಹಂಡೆ ಮುಂದೆ ನಿಲ್ಲೋದಾ?" ಎಂದಳು ಇವಳು.

ಮೂರನೆಯ ವಾರ ಚಾವಿ ಸೋತ. ಹೆಂಡತಿ ಜಗಳ ಮಾಡಿ ಗೆದ್ದದ್ದಲ್ಲ. ದಿನಾ ಅದೊಂದೇ ಮಾತನ್ನು ಅಷ್ಟೇ ತಣ್ಣಗೆ ಹೇಳಿ ಗೆದ್ದಳು. ಆದರೆ ಸೋತವನೂ ಒಂದು ಷರತ್ತು ಹಾಕಿದ. ಹೋಗುವುದಾದರೆ ನಾಲ್ವರೂ ಹೋಗಬೇಕು, ಬುಕಿಂಗ್ ತಾನೇ ಮಾಡಬೇಕು.

"ನಿನಗೆ ಚೌಕಾಶಿ ಬರಲ್ಲ. ನೀನು ಟೊಮೆಟೊನೇ ಹೇಳಿದ ರೇಟಿಗೆ ತರೋಳು," ಎಂದ.

ಅವಳು ಒಪ್ಪಿದಳು. ಅಂದು ಬೆಂಡೆಕಾಯಿ ಹೆಚ್ಚುವಾಗ ಅವಳು ಏನೋ ಗುನುಗುತ್ತಿದ್ದುದನ್ನು ಅಜ್ಜಿ ಕೇಳಿಸಿಕೊಂಡಳು, ಈ ಮನೆಯಲ್ಲಿ ಇದೇ ಮೊದಲು.

ಭಾನುವಾರ ಮಧ್ಯಾಹ್ನ ಚಾವಿ ಪ್ರವಾಸದ ಕಚೇರಿಯಿಂದ ಬಂದಾಗ ಅವನ ಮುಖ ಮೊಂಡು ಬೀಗವನ್ನು ತೆಗೆದ ದಿನದ ಹಾಗಿತ್ತು. ಕೈ ತೊಳೆಯದೆ ಊಟಕ್ಕೆ ಕೂತ.

"ಹಾಳೆಯಲ್ಲಿದ್ದ ರೇಟಿಗೆ ನಾಲ್ಕು ಜನ ಹೋದ್ರೆ ನಿನ್ನ ಹತ್ತು ತಿಂಗಳ ಸಂಬಳ. ನಾನು ಎಷ್ಟಕ್ಕೆ ಮುಗಿಸಿದೆ, ಹೇಳು ನೋಡೋಣ?"

"ಎಷ್ಟಕ್ಕೆ?" ಎಂದಳು ಮಗಳು.

"ನಾಲ್ಕು! ನಾಲ್ಕೇ ತಿಂಗಳ ಸಂಬಳ. ವಿಮಾನಾನೂ ಸೇರಿ. ಉಳಿದ ಎರಡು ಮೆಷಿನ್ನಿಗೆ ಮುಂಗಡ."

"ಹೇಗಪ್ಪಾ?"

"ಹೋಟೆಲ್ ಯಾಕೆ ಬೇಕು? ಒಂದು ಮನೇನೇ ಹಿಡಿದಿದ್ದೀನಿ. ಸಮುದ್ರಕ್ಕೆ ಹತ್ತು ನಿಮಿಷ. ಎರಡು ಕೋಣೆ. ಎಂಥಾ ಅಡುಗೆಮನೆ ಅಂತೀಯ! ನಾಲ್ಕು ಒಲೆ, ಫ್ರಿಜ್ಜು, ಕುಕ್ಕರ್ ಸಹ ಅವರದ್ದೇ. ಅಕ್ಕಿ ಬೇಳೆ ಇಲ್ಲಿಂದಲೇ ಕಟ್ಟಿಕೊಂಡು ಹೋದ್ರೆ ಊಟದ ಖರ್ಚೇ ಇಲ್ಲ. ಅಡುಗೆ ಮಾಡೋಳು ಮನೇಲೇ ಇರುವಾಗ ಆ ಹೋಟೆಲಿನವರಿಗೆ ಯಾಕೆ ಸುರೀಬೇಕು? ಒಂದು ತಿಂಗಳ ಸಂಬಳ ಮುಂಗಡ ಕಟ್ಟಿ ಬಂದೆ. ಹೇಗೆ?"

ಹೆಂಡತಿಯ ಕೈಯಲ್ಲಿ ಸಾರಿನ ಸೌಟಿತ್ತು. ಅದನ್ನು ಪಾತ್ರೆಗೆ ಬಿಟ್ಟಳು.

"ಅಲ್ಲಿ ಮೊದಲನೇ ದಿನ ಬೆಳಿಗ್ಗೆ ತಿಂಡಿ ಏನು?" ಎಂದು ಕೇಳಿದಳು.

"ಏನಾದ್ರೂ ಮಾಡು. ರಜೆಯಲ್ಲಿ ಏನಾದ್ರೇನು?"

"ಮಧ್ಯಾಹ್ನಕ್ಕೆ?"

"ಅದೂ ನಿನಗೇ ಬಿಟ್ಟಿದ್ದು. ನಾನು ಇದು ಬೇಕು ಅದು ಬೇಕು ಅಂತ ಯಾವತ್ತಾದ್ರೂ ಕೇಳಿದ್ದೀನಾ?"

"ಇಲ್ಲಿ ಮುನ್ನೂರ ಹನ್ನೆರಡು ಜನಕ್ಕೆ ಬೇಯಿಸ್ತೀನಿ. ಮನೇಗೆ ಬಂದು ನಾಲ್ಕು ಜನಕ್ಕೆ ಬೇಯಿಸ್ತೀನಿ. ಈಗ ನನ್ನ ದುಡ್ಡಲ್ಲೇ ವಿಮಾನ ಹತ್ತಿ, ಸಮುದ್ರ ದಾಟಿ ಹೋಗಿ ಬೇಯಿಸ್ಲಾ?" ಅವಳ ದನಿ ಏರಲಿಲ್ಲ. "ನಂಗೆ ಸಮುದ್ರ ಬೇಡ್ರೀ. ಒಂದು ಐದು ದಿನ ಕೂತಲ್ಲಿಗೆ ಊಟ ಬೇಕಿತ್ತು. ಯಾರೋ ತಂದು ಇಡಬೇಕಿತ್ತು. ನಾನು ಏಳಬಾರದಿತ್ತು. ಅಷ್ಟೇ ಇದ್ದಿದ್ದು ನಂಗೆ."

"ಅದನ್ನ ಮೊದ್ಲೇ ಬಾಯಿಬಿಟ್ಟು ಹೇಳೋಕೇನಾಗಿತ್ತು?"

"ಹೇಳಿದ್ರೆ ನಗ್ತಿದ್ರಿ."

ಚಾವಿ ನಗಲಿಲ್ಲ, ಸಿಟ್ಟಾದ. "ಅಷ್ಟೆಲ್ಲ ಓಡಾಡಿ ಅರ್ಧಕ್ಕರ್ಧ ಉಳಿಸಿ ಬಂದವನಿಗೆ ಒಳ್ಳೇ ಮರ್ಯಾದೆ!"

"ಅಮ್ಮಾ, ನಾವೆಲ್ಲ ಕೈ ಸೇರಿಸ್ತೀವಿ ಅಲ್ಲಿ," ಎಂದಳು ಮಗಳು ನಡುವೆ ಬಂದು.

"ಸೇರಿಸ್ತೀರಿ. ಕತ್ತಿ ಎಲ್ಲಿ, ಉಪ್ಪು ಎಲ್ಲಿ, ಇದು ಬೆಂದಿದೆಯಾ ನೋಡು ಅಂತ ನಿಮಿಷಕ್ಕೊಂದು ಸಲ ಕರೀತೀರಿ. ಅದಕ್ಕಿಂತ ನಾನೇ ಮಾಡೋದು ಸಲೀಸು."

ಹಾಗಂದು ಅವಳು ಎದ್ದು ಒಳಗೆ ಹೋದಳು. ಸಾರು ಯಾರಿಗೂ ಬೀಳಲಿಲ್ಲ. ಮೂವರೂ ಬರೀ ಅನ್ನ ಪಲ್ಯ ತಿಂದು ಎದ್ದರು. ಪಾತ್ರೆ ಎದುರಿಗೇ ಇತ್ತು, ಬಡಿಸಿಕೊಳ್ಳಬಹುದು ಎಂದು ಒಬ್ಬರಿಗೂ ತೋಚಲಿಲ್ಲ.

ಆಮೇಲೆ ಒಂದು ವಾರ ಮನೆಯಲ್ಲಿ ಬೇಕಾದಷ್ಟೇ ಮಾತು. ಹೊತ್ತು ಹೊತ್ತಿಗೆ ಅಡುಗೆ ಆಗುತ್ತಿತ್ತು, ಬಟ್ಟೆ ಮಡಚಿರುತ್ತಿತ್ತು, ಅಜ್ಜಿಯ ಮಾತ್ರೆ ಲೋಟದ ಪಕ್ಕ ಇರುತ್ತಿತ್ತು. ಮುನಿಸಿಕೊಂಡವಳು ಒಂದು ಕೆಲಸವನ್ನೂ ಬಿಟ್ಟಿರಲಿಲ್ಲ. ಬೈದಿದ್ದರೆ ಚಾವಿಗೆ ತಿರುಗಿಸಿ ಬೈಯಲು ಬರುತ್ತಿತ್ತು. ಇದಕ್ಕೆ ಅವನ ಹತ್ತಿರ ಹತಾರವಿರಲಿಲ್ಲ. ಅಂಗಡಿಯಲ್ಲಿ ಕೂತು ಒಂದೇ ಚಾವಿಗೆ ಎರಡು ಸಲ ತಪ್ಪು ಹಲ್ಲು ಕೊರೆದ. ಬೀಗದ ಮುಂದೆ ಸೋಲದವನು ಅಡುಗೆಮನೆಯ ಬಾಗಿಲಲ್ಲಿ ಎರಡು ಸಲ ನಿಂತು, ನೀರು ಕುಡಿದು ಹೊರಟುಹೋದ.

ಶನಿವಾರ ಅಜ್ಜಿ ಅಂಗಡಿಗೆ ಬಂದು, ಗಿರಾಕಿಗಳಿಗಿಟ್ಟ ಸ್ಟೂಲಿನ ಮೇಲೆ ಕೂತಳು.

"ನಾನು ಕಾರ್ಖಾನೆಯಿಂದ ಬಂದ ಮೇಲೆ ನಿಮಗೆಲ್ಲ ಯಾರು ಬೇಯಿಸ್ತಿದ್ರು?" ಎಂದು ಕೇಳಿದಳು.

"ನೀನೇ."

"ನಾನು ಯಾವಾಗ ಉಣ್ತಿದ್ದೆ, ನೆನಪಿದೆಯಾ?"

ಚಾವಿ ಯೋಚಿಸಿದ. ಅಮ್ಮ ಬಡಿಸಿದ್ದು ನೆನಪಿತ್ತು. ಉಂಡದ್ದು ನೆನಪಿಗೆ ಬರಲಿಲ್ಲ.

"ನನ್ನ ಕಾಲು ಮುರೀತಲ್ಲ, ಆಗ ಆಸ್ಪತ್ರೇಲಿ ಹದಿನೇಳು ದಿನ," ಎಂದಳು ಅಜ್ಜಿ. "ಅಲ್ಲಿನ ಊಟಕ್ಕೆ ಉಪ್ಪಿಲ್ಲ, ಖಾರ ಇಲ್ಲ, ನಾಯಿ ಮೂಸಲ್ಲ. ಆದ್ರೆ ಒಬ್ಬಳು ತಂದು ಮುಂದಿಡ್ತಿದ್ಲು, ಇನ್ನೊಬ್ಬಳು ತಟ್ಟೆ ತಗೊಂಡು ಹೋಗ್ತಿದ್ಲು. ನಾನು ಕಾಲು ನೋವು ಅಂತ ಅಳ್ತಿದ್ದೆ ಅಂದ್ಕೊಂಡ್ರಿ ನೀವೆಲ್ಲ. ಅದು ನೋವಿಗಲ್ಲ ಕಣೋ. ಮನೆಗೆ ಕಳಿಸ್ತೀವಿ ಅಂದಿದ್ದಕ್ಕೆ ಅತ್ತಿದ್ದು."

ಚಾವಿ ಅರವನ್ನು ಕೆಳಗಿಟ್ಟ.

"ಇದನ್ನ ಇಷ್ಟು ವರ್ಷ ಹೇಳಲೇ ಇಲ್ಲ ನೀನು."

"ಅವಳೂ ಹೇಳಿರಲಿಲ್ಲ. ಹೇಳಿದ ಮೇಲಾದ್ರೂ ನಿನಗೆ ಕೇಳಿಸ್ಬೇಕಲ್ಲ. ಅವಳನ್ನ ಕಳಿಸು. ಒಬ್ಬಳನ್ನೇ."

"ಒಬ್ಬಳನ್ನೇನಾ? ಇಬ್ಬರೂ ಹೋಗ್ತೀವಿ, ಬೇಕಾದ್ರೆ."

"ನೀನು ಹೋದ್ರೆ ಅಲ್ಲೂ ನನ್ನ ಟವೆಲ್ ಎಲ್ಲಿ ಅಂತ ಅವಳನ್ನೇ ಏಳಿಸ್ತೀಯ. ಬೇಡ."

"ಇಲ್ಲಿ ಅಡುಗೆ?"

"ಮೂರು ಜನಕ್ಕೆ ಆರು ಕೈ ಇವೆ. ಉಪವಾಸ ಸತ್ರೆ ನನ್ನನ್ನ ಕೇಳು."

ಸೋಮವಾರ ಚಾವಿ ಅಂಗಡಿಗೆ ಬೀಗ ಹಾಕಿ ಪ್ರವಾಸದ ಕಚೇರಿಗೆ ಹೋದ. ಬಾಡಿಗೆ ಮನೆಯ ಮುಂಗಡ ವಾಪಸ್ ಬರುವುದಿಲ್ಲ ಎಂದರು. ಅದು ಅವನಿಗೆ ಗೊತ್ತಿತ್ತು, ಆದರೂ ಒಂದು ಗಂಟೆ ವಾದಿಸಿದ. ಆಮೇಲೆ ಹಾಳೆಯಲ್ಲಿದ್ದ ಹೋಟೆಲನ್ನು ತೋರಿಸಿ, ಒಬ್ಬರಿಗೆ, ಊಟ ಸೇರಿ ಎಂದ.

"ಕೂತಲ್ಲಿಗೇ ತಂದುಕೊಡ್ತಾರಲ್ಲ?" ಎಂದು ಕೇಳಿದ.

"ಇಲ್ಲ ಸಾರ್, ಬಫೆ. ಎಲ್ಲಾ ಇಟ್ಟಿರ್ತಾರೆ. ಎದ್ದು ಹೋಗಿ ಬೇಕಾದ್ದು ಬಡಿಸ್ಕೊಳ್ಳೋದು."

"ಈ ಚಿತ್ರದಲ್ಲಿ ತಂದಿಡ್ತಿದ್ದಾನಲ್ಲ?"

"ಅದು ಚಿತ್ರ ಸಾರ್."

"ಎದ್ದು ಹೋಗೋದಾದ್ರೆ ಬೇಡ," ಎಂದ ಚಾವಿ. "ಏಳದೇ ಇರೋ ಕಡೆ ನೋಡಿ."

ಕಚೇರಿಯ ಹುಡುಗಿ ಅವನನ್ನು ವಿಚಿತ್ರವಾಗಿ ನೋಡಿದಳು. "ಯಾರಿಗೆ ಸಾರ್, ನಡೆಯೋಕೆ ತೊಂದರೆಯಾ?"

"ನಡೆಯೋಕಲ್ಲ. ಕೂರೋಕೆ ತೊಂದರೆ," ಎಂದ. ಹುಡುಗಿಗೆ ಅರ್ಥವಾಗಲಿಲ್ಲ, ಆದರೂ ಹುಡುಕಿದಳು. ನಾಲ್ಕು ಕಡೆ ಫೋನ್ ಮಾಡಿದ ಮೇಲೆ ಒಂದು ಸಣ್ಣ ಹೋಟೆಲು ಸಿಕ್ಕಿತು. ಹನ್ನೆರಡೇ ಕೋಣೆ, ಮೇಜಿಗೇ ತಂದು ಬಡಿಸುತ್ತಾರೆ, ತಟ್ಟೆಯನ್ನೂ ಅವರೇ ಒಯ್ಯುತ್ತಾರೆ. ಒಬ್ಬಳಿಗೆ ವಿಮಾನವೂ ಸೇರಿ ನಾಲ್ಕು ತಿಂಗಳ ಸಂಬಳ. ನಾಲ್ವರಿಗೆ ಅವನು ಕುದುರಿಸಿದ್ದೂ ಇಷ್ಟಕ್ಕೇ. ಮುಂಗಡ ಹೋದದ್ದು ಬೇರೆ. ಅಷ್ಟರಲ್ಲಿ ಅವನಪ್ಪನ ಮಾತು ಹತ್ತು ಸಲ ಅವನ ಕಿವಿಗೆ ಬಂದಿರಬೇಕು. ಜೀವನದಲ್ಲೇ ಮೊದಲ ಬಾರಿಗೆ, ಹೇಳಿದ ರೇಟಿನಲ್ಲಿ ಒಂದು ಪೈಸೆಯೂ ಕಡಿಮೆ ಮಾಡಿಸದೆ ದುಡ್ಡು ಕಟ್ಟಿ ಎದ್ದ.

ಟಿಕೆಟ್ಟನ್ನು ಅವನು ಹೆಂಡತಿಯ ಕೈಗೆ ಕೊಡಲಿಲ್ಲ. ಅವಳು ಹಿಟ್ಟು ಕಲಸುತ್ತಿದ್ದಳು. ಡಬ್ಬಿಯ ಮೇಲಿಟ್ಟ.

"ಒಬ್ಬಳೇ ಹೋಗಬೇಕು. ಅಮ್ಮನ ಆರ್ಡರ್."

ಅವಳು ಹಿಟ್ಟಿನ ಕೈಯಲ್ಲೇ ಬಗ್ಗಿ ಓದಿದಳು. ಎಷ್ಟೆಂದು ನೋಡಿದಳು. "ಅಯ್ಯೋ, ಇಷ್ಟೊಂದಾ? ಆ ಹಾಳೇಲಿ ಕಡಿಮೆ ಇತ್ತಲ್ಲ?"

"ಅಲ್ಲಿ ಎದ್ದು ಹೋಗಿ ಬಡಿಸ್ಕೋಬೇಕಂತೆ."

ಅವಳು ಹಿಟ್ಟು ಕಲಸುವುದನ್ನು ನಿಲ್ಲಿಸಿದಳು. ಕಣ್ಣು ತುಂಬಿತ್ತು, ಒರೆಸಲು ಕೈ ಚೊಕ್ಕವಾಗಿರಲಿಲ್ಲ. ಚಾವಿ ಭುಜದ ಮೇಲಿದ್ದ ಟವೆಲ್ಲಿನ ತುದಿಯಿಂದ ಒರೆಸಿದ. ಅದರಲ್ಲಿ ಹಿತ್ತಾಳೆಯ ಪುಡಿಯಿತ್ತು, ಕಣ್ಣು ಇನ್ನಷ್ಟು ಉರಿಯಿತು. "ಅಯ್ಯೋ ಬಿಡ್ರೀ," ಎಂದು ಅವಳು ಒಂದು ವಾರದ ಮೇಲೆ ಮೊದಲ ಸಲ ನಕ್ಕಳು.

ಹೊರಡುವ ದಿನದ ತನಕ ಅವಳ ಬಾಯಲ್ಲಿ ಒಂದೇ ಪಾಠ. ಗ್ಯಾಸ್ ಹೀಗೆ ಆರಿಸಬೇಕು, ಬೇಳೆಗೆ ಇಷ್ಟು ನೀರು, ಅಜ್ಜಿಯ ಬಿಳಿ ಮಾತ್ರೆ ಊಟಕ್ಕೆ ಮುಂಚೆ. ಎಲ್ಲವನ್ನೂ ಬರೆದು ಗೋಡೆಗೆ ಅಂಟಿಸಲು ಹೋದಾಗ ಅತ್ತೆ ಗದರಿದಳು. "ಹೋಗೋಳು ಹೋಗ್ಬೇಕು. ಅರ್ಧ ಇಲ್ಲೇ ಬಿಟ್ಟು ಹೋದ್ರೆ ಅರ್ಧ ದುಡ್ಡು ದಂಡ."

ಅವಳು ಹೋದಳು. ಮೊದಲ ದಿನ ಮನೆಯಲ್ಲಿ ಬ್ರೆಡ್ಡು, ಮೊಟ್ಟೆ. ಎರಡನೆಯ ದಿನ ಚಾವಿ ಅನ್ನಕ್ಕಿಟ್ಟ. ತಳ ಸೀಯಿತು. ಮಗಳು ಬೇಯಿಸಿದ ಬೇಳೆಗೆ ಎರಡು ಸಲ ಉಪ್ಪು ಬಿದ್ದಿತ್ತು. ಅಜ್ಜಿ ಸೀದ ಅನ್ನಕ್ಕೆ ಉಪ್ಪು ಬೇಳೆ ಕಲಸಿದರೆ ಸರಿಹೋಗುತ್ತದೆ ಎಂದು ಕಲಸಿ ತಿಂದಳು. ಪಾತ್ರೆ ಉಜ್ಜುವುದು ಯಾರ ಪಾಳಿ ಎಂದು ಅಪ್ಪ ಮಗಳಿಗೆ ಜೋರಾಗಿಯೇ ಜಗಳವಾಯಿತು. ಅದರ ನಡುವೆ ಫೋನ್ ಬಂತು.

ಚಾವಿ ಸ್ಪೀಕರ್ ಹಾಕಿದ. "ಹೇಗಿದೆ? ಸಮುದ್ರ ಹೇಗಿದೆ?"

"ಇನ್ನೂ ನೋಡಿಲ್ಲ," ಎಂದಳು ಅವಳು.

"ನೋಡಿಲ್ವಾ? ಹೋಗಿ ಎರಡು ದಿನ ಆಯ್ತಲ್ಲೇ! ಅಷ್ಟು ದುಡ್ಡು ಸುರಿದು..."

"ಕಿಟಕಿಯಿಂದ ಸ್ವಲ್ಪ ಕಾಣ್ಸುತ್ತೆ. ನಾಳೆ ಹೋಗ್ತೀನಿ. ಎಲ್ಲಿ ಹೋಗುತ್ತೆ ಅದು?"

"ಮತ್ತೆ ಇಷ್ಟು ಹೊತ್ತು ಏನ್ಮಾಡ್ದೆ?"

"ಊಟ."

ಚಾವಿ ತಲೆಯ ಮೇಲೆ ಕೈಹೊತ್ತು ಕೂತ. ಅಜ್ಜಿ ಫೋನನ್ನು ಕಸಿದುಕೊಂಡಳು.

"ಎಷ್ಟು ಹೊತ್ತು ಕೂತಿದ್ಯೇ?"

"ಒಂದೂವರೆ ಗಂಟೆ ಆಯ್ತು ಅತ್ತೆ. ಒಂದಾದ ಮೇಲೊಂದು ತರ್ತಾನೇ ಇದ್ರು. ತಟ್ಟೆ ತಗೊಂಡು ಹೋದ ಮೇಲೂ ಸುಮ್ನೆ ಕೂತೇ ಇದ್ದೆ."

ಅಜ್ಜಿ ಫೋನನ್ನು ಕಿವಿಗೆ ಇನ್ನೂ ಹತ್ತಿರ ಒತ್ತಿ, ಮಗನಿಗೂ ಮೊಮ್ಮಗಳಿಗೂ ಬೆನ್ನು ತಿರುಗಿಸಿದಳು.

"ಯಾರೂ ಏಳಿಸ್ಲಿಲ್ವಾ?" ಎಂದು ಮೆಲ್ಲಗೆ ಕೇಳಿದಳು.

"ಇಲ್ಲ ಅತ್ತೆ. ಯಾರೂ ಏಳಿಸ್ಲಿಲ್ಲ."